ಹಾರ್ಮನೈಸ್: ಬಡಗಿಯ ಕೆಲಸದ ಮಾತು

ಅನುವಾದದ ಕೆಲಸದಲ್ಲಿ ‘ಹಾರ್ಮನೈಸ್’ ಅನ್ನೋ ಇಂಗ್ಲಿಷ್ ಕ್ರಿಯಾಪದ ಆಗಾಗ ಎದುರಾಗುತ್ತದೆ. ಮೊನ್ನೆ ತಿದ್ದೋಕೆ ಬಂದ ಕರಡೊಂದರಲ್ಲಿ ‘ತೆರಿಗೆ ನಿಯಮಗಳಲ್ಲಿ ಸಾಮರಸ್ಯ ಮೂಡಿಸುವುದು’ ಎಂದಿತ್ತು. ಸಾಮರಸ್ಯ ಜನರ ನಡುವೆ ಇರುವಂಥದ್ದು, ನಿಯಮಕ್ಕೆ ಆ ಪದ ಕೂರುವುದಿಲ್ಲ. ‘ಹೊಂದಿಸುವುದು’ ಎಂದು ಬರೆದೆ.

ಪದದ ಬೇರು ಇರುವುದೂ ಅಲ್ಲೇ. ಇದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು, ಅದರ ಹಿಂದೆ ಲ್ಯಾಟಿನ್, ಗ್ರೀಕ್. ಗ್ರೀಕಿನಲ್ಲಿ ‘ಹಾರ್ಮೋಸ್’ ಅಂದರೆ ಎರಡು ತುಂಡು ಕೂಡುವ ಜಾಗ. ‘ಹಾರ್ಮೊನಿಯ’ ಅಂದರೆ ಜೋಡಣೆ. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದ 5ನೇ ಭಾಗದಲ್ಲಿ ನಾಯಕ ಒಡಿಸ್ಯೂಸ್ ದ್ವೀಪ ಬಿಟ್ಟು ಹೊರಡಲು ತೆಪ್ಪ ಕಟ್ಟುತ್ತಾನೆ. 20 ಮರ ಕಡಿದು, ಕೆತ್ತಿ, ದಾರ ಹಿಡಿದು ನೇರ ಮಾಡಿ, ತೂತು ಕೊರೆದು ಒಂದಕ್ಕೊಂದು ಹೊಂದಿಸುತ್ತಾನೆ. ಆಮೇಲೆ ಗೂಟ ಬಡಿಯುತ್ತಾನೆ. ‘ಹೊಂದಿಸಿದ’ ಅನ್ನೋದಕ್ಕೆ ಅಲ್ಲಿರುವ ಕ್ರಿಯಾಪದ ಇದೇ ಬೇರಿನದು. ನನಗೆ ಬಹಳ ಇಷ್ಟವಾದ ಜಾಗ ಅದು. ಸುಮ್ನೆ ಪಕ್ಕಪಕ್ಕ ಇಟ್ಟರೆ ಮರ ಕೂಡುವುದಿಲ್ಲ, ಎರಡನ್ನೂ ಸ್ವಲ್ಪ ಕೆತ್ತಬೇಕು.

ಸಂಗೀತದ ಅರ್ಥವೂ ಇಲ್ಲಿಂದಲೇ ಹುಟ್ಟಿತು. ಗ್ರೀಕರಿಗೆ ಹಾರ್ಮೊನಿಯ ಅಂದರೆ ತಂತಿಗಳನ್ನು ಒಂದಕ್ಕೊಂದು ಹೊಂದಿಸಿದ ರೀತಿ, ಸ್ವರಗಳ ಏರ್ಪಾಡು. ಹಲವು ಸ್ವರ ಒಟ್ಟಿಗೆ ನುಡಿಸುವ ಅರ್ಥ ಯುರೋಪಿನಲ್ಲಿ ಎಷ್ಟೋ ಕಾಲದ ಮೇಲೆ ಬಂದದ್ದು. ತಂಬೂರಿಯ ಬಿರಡೆ ತಿರುವುತ್ತಾ ನಾವು ‘ಶ್ರುತಿ ಕೂಡಿಸು’ ಅಂತೀವಲ್ವಾ, ಹಳೆಯ ಅರ್ಥಕ್ಕೆ ಅದೇ ಹತ್ತಿರ.

‘ಒಂದೇ ಥರ ಮಾಡು’ ಎಂದು ಅನುವಾದಿಸುವುದೂ ಜಾಸ್ತಿ ಕಾಣುವ ತಪ್ಪು. ನಿಮ್ಮ ಜಿಎಸ್‌ಟಿ ಬಿಲ್ ನೋಡಿ. ಅಲ್ಲಿನ ‘ಎಚ್‌ಎಸ್‌ಎನ್’ನ ಮೊದಲ ಅಕ್ಷರ ‘ಹಾರ್ಮನೈಸ್ಡ್’. ಸರಕುಗಳಿಗೆ ಸಂಖ್ಯೆ ಕೊಡುವ ಈ ಅಂತರರಾಷ್ಟ್ರೀಯ ಪದ್ಧತಿ 1988ರ ಜನವರಿ 1ರಂದು ಜಾರಿಗೆ ಬಂತು. ಹುರಿಯದ, ಕೆಫೀನ್ ತೆಗೆಯದ ಕಾಫಿ ಬೀಜಕ್ಕೆ 090111. ಕೊಡಗಿನಿಂದ ಹೊರಟ ಮೂಟೆಗೆ ಇಟಲಿಯ ಬಂದರಿನಲ್ಲೂ ಆ 6 ಅಂಕಿಗಳೇ. ಅದರ ಮುಂದಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳುತ್ತದೆ. ನಮ್ಮ ಕಸ್ಟಮ್ಸ್‌ನವರು ಇನ್ನೆರಡು ಸೇರಿಸಿ 8 ಮಾಡಿಕೊಂಡಿದ್ದಾರೆ. ಕೂಡುವ ಜಾಗ ಹೊಂದಿದರೆ ಸಾಕು, ಎಲ್ಲವೂ ಒಂದೇ ಥರ ಆಗಬೇಕಿಲ್ಲ.