ನುಡಿಸದೇ ಇರುವ ಪಿಯಾನೊಗೂ ಟ್ಯೂನಿಂಗ್ ಬೇಕಾ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆಯಲ್ಲಿ ಹಳೆಯ ಪಿಯಾನೊ ಇದೆ. ಮಗಳು ಹಾಸ್ಟೆಲ್ ಸೇರಿದ ಮೇಲೆ ಯಾರೂ ನುಡಿಸಲ್ಲ. ಆದರೂ ಟ್ಯೂನ್ ಮಾಡಿಸಬೇಕಾ?

ಉತ್ತರ: ಮಾಡಿಸಬೇಕು. ವರ್ಷಕ್ಕೆ ಒಂದು ಸಲವಾದರೂ ಬೇಕು, ಎರಡಾದರೆ ಒಳ್ಳೆಯದು. ಶ್ರುತಿ ಕೆಡುವುದು ನುಡಿಸುವುದಕ್ಕಿಂತ ಹವೆಯಿಂದ ಜಾಸ್ತಿ. ಒಳಗೆ ಸುಮಾರು 230 ತಂತಿಗಳಿವೆ. ಎಲ್ಲವೂ ಸೇರಿ ಹದಿನೈದು-ಇಪ್ಪತ್ತು ಟನ್ ಎಳೆತ. ಅದನ್ನು ತಡೆದುಕೊಳ್ಳಲು ಎರಕದ ಕಬ್ಬಿಣದ ಚೌಕಟ್ಟು ಇದೆ. ಆದರೆ ನಾದ ಹೊಮ್ಮಿಸುವ ಹಲಗೆ ಮರದ್ದು. ಮಳೆಗಾಲದಲ್ಲಿ ಅದು ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಇಳಿಯುತ್ತದೆ.

ನಮ್ಮ ಕಡೆ ಇದರ ಜೊತೆ ಕೂಲರ್ ಕಾಟ ಬೇರೆ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ಕೂಲರ್ ಓಡುವಷ್ಟು ಹೊತ್ತು ಹಸಿ ಗಾಳಿ, ಕರೆಂಟ್ ಹೋದರೆ ಒಣ ಝಳ. ಮರಕ್ಕೆ ಒಂದೇ ದಿನದಲ್ಲಿ ಎರಡು ಕಾಲ! ಹಾಗಾಗಿ ಟ್ಯೂನರ್‌ಗೆ ಫೋನ್ ಮಾಡುವ ಮೊದಲು ಪಿಯಾನೊವನ್ನು ಕೂಲರ್ ಎದುರಿನಿಂದ ಸರಿಸಿ. ಪಡುವಣ ಬಿಸಿಲಿಗೆ ಕಾಯುವ ಗೋಡೆಯೂ ಬೇಡ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶೇ. 40ರಿಂದ 50 ಇದ್ದರೆ ಚೆಂದ. ಇಲ್ಲಿ ವರ್ಷವಿಡೀ ಅದು ಆಗದ ಮಾತು ಬಿಡಿ, ಏರಿಳಿತ ತಗ್ಗಿದರೂ ಸಾಕು.

ಟ್ಯೂನಿಂಗ್‌ಗೆ ನವೆಂಬರ್ ಹದವಾದ ಸಮಯ. ಮಳೆ ನಿಂತು ಮರ ಒಂದು ಸ್ಥಿತಿಗೆ ಬಂದಿರುತ್ತದೆ. ಟ್ಯೂನರ್ ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಬರಬೇಕಾದರೆ ಊರಿನ ಚರ್ಚ್, ಶಾಲೆಗಳಲ್ಲೂ ಕೇಳಿ ನೋಡಿ. ಒಂದೇ ಓಡಾಟದಲ್ಲಿ ಎಲ್ಲರ ಕೆಲಸ ಮುಗಿದರೆ ಖರ್ಚು ಹಂಚಿಕೊಳ್ಳಬಹುದು ಅಲ್ವಾ?

ಬಂದವರು ಮುಚ್ಚಳ ತೆಗೆದಾಗ ನೀವೂ ಬಗ್ಗಿ ನೋಡಿ. ಒಳಗೆ ತಂತಿಗೆ ಬಡಿದು ನಾದ ಹೊರಡಿಸುವ ಪುಟ್ಟ ಸುತ್ತಿಗೆಗಳಿವೆ. ಅವುಗಳ ತುದಿಯ ಉಣ್ಣೆಯ ಮೇಲೆ ತಂತಿ ಬಡಿದ ಗೆರೆಗಳಿರುತ್ತವೆ. ಗೆರೆ ಆಳವಾಗಿದ್ದರೆ ನಾದ ಕರ್ಕಶವಾಗುತ್ತದೆ. ಉಣ್ಣೆ ದಪ್ಪ ಉಳಿದಿದ್ದರೆ ಉಜ್ಜಿ ಸರಿಮಾಡುತ್ತಾರೆ. ನುಡಿಸದ ಪಿಯಾನೊದ ಉಣ್ಣೆಗೆ ನುಸಿ, ಇಲಿ ಎರಡರ ಕಣ್ಣೂ ಬೀಳುತ್ತದೆ. ಅದನ್ನೂ ಪರೀಕ್ಷಿಸಿ.

ಮನೆಯಲ್ಲೇ ಮಾಡಬಾರದ ಕೆಲಸ ಒಂದಿದೆ. ತಂತಿ ಸುತ್ತಿದ ಮೊಳೆಗಳು ಬಿಗಿ ಅಂತ ಸುಮ್ನೆ ಹೊಲಿಗೆ ಮಷಿನ್ ಎಣ್ಣೆ ಬಿಡಬೇಡಿ. ಅವು ಮರದಲ್ಲಿ ಬಿಗಿಯಾಗಿ ಕೂತಿರುವುದರಿಂದಲೇ ಶ್ರುತಿ ನಿಲ್ಲುವುದು. ಎಣ್ಣೆ ಒಳಗಿಳಿದರೆ ಮೊಳೆ ಜಾರುತ್ತದೆ. ಹಳೆಯ ಪಿಯಾನೊಗಳಲ್ಲಿ ಆ ಮರ ಒಣಗಿ ಬಿರುಕು ಬಿಟ್ಟಿರುವುದೂ ಉಂಟು. ಆಗ ಎಷ್ಟು ಸಲ ಟ್ಯೂನ್ ಮಾಡಿಸಿದರೂ ದುಡ್ಡು ದಂಡ. ಮೊಳೆಗಳ ಬಿಗಿ ನೋಡಿ ಹೇಳಿ ಎಂದು ಟ್ಯೂನರ್‌ಗೆ ಮೊದಲೇ ಕೇಳಿ, ಆಮೇಲೆ ಉಳಿದ ಕೆಲಸ ಒಪ್ಪಿಸಿ.