ನಾವು ತಿನ್ನುವ ನೀರು

ಒಬ್ಬ ಮನುಷ್ಯ ದಿನಕ್ಕೆ ಕುಡಿಯುವುದು ಎರಡು ಮೂರು ಲೀಟರ್ ನೀರು. ಸ್ನಾನ, ಬಟ್ಟೆ, ಪಾತ್ರೆ, ಶೌಚ ಎಲ್ಲ ಸೇರಿದರೂ ನೂರು, ನೂರೈವತ್ತು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಅದೇ ಮನುಷ್ಯ ಅದೇ ದಿನ ಉಣ್ಣುವ ಆಹಾರವನ್ನು ಬೆಳೆಯಲು 2,000ದಿಂದ 5,000 ಲೀಟರ್ ಬೇಕು. ಎಷ್ಟೆಂಬುದು ಅವನು ಏನು ಉಣ್ಣುತ್ತಾನೆ ಎಂಬುದರ ಮೇಲೆ ನಿಂತಿದೆ. ಜನಸಂಖ್ಯೆ, ನೀರು ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಖಾಲಿ ಕೊಡಗಳ ಸಾಲು. ಆ ಸಾಲು ನಿಜವೇ. ಆದರೆ ನದಿ, ಕೆರೆ, ಅಂತರ್ಜಲಗಳಿಂದ ಮನುಷ್ಯಕುಲ ಎತ್ತುವ ಸಿಹಿನೀರಿನಲ್ಲಿ ಶೇ 70ರಷ್ಟು ಹೋಗುವುದು ಹೊಲಗದ್ದೆಗಳಿಗೆ. ಹಾಗಾಗಿ ನೀರಿನ ಲೆಕ್ಕವನ್ನು ನಲ್ಲಿಯಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ, ತಟ್ಟೆಯಿಂದ ಶುರುಮಾಡಬೇಕು.

ಮೊದಲು ತಲೆ ಎಣಿಕೆ. ಭೂಮಿಯ ಮೇಲಿನ ಜನ ಮೊದಲ ಬಾರಿ 100 ಕೋಟಿ ಮುಟ್ಟಿದ್ದು 1804ರ ಆಸುಪಾಸಿನಲ್ಲಿ. ಅದು 200 ಕೋಟಿಯಾಗಲು ಸುಮಾರು 120 ವರ್ಷ ಬೇಕಾಯಿತು. 700 ಕೋಟಿಯಿಂದ 800 ಕೋಟಿಗೆ ಏರಲು ಹಿಡಿದದ್ದು ಹನ್ನೊಂದೇ ವರ್ಷ. ವಿಶ್ವಸಂಸ್ಥೆಯ ಅಂದಾಜಿನಂತೆ ಆ ಗಡಿ ದಾಟಿದ ದಿನ 2022ರ ನವೆಂಬರ್ 15. ಇಷ್ಟು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಜನಸಂಖ್ಯೆಯ ಬೆಳವಣಿಗೆ ದರ 1960ರ ದಶಕದಲ್ಲೇ ಶೇ 2ಕ್ಕೂ ಮೇಲೆ ಹೋಗಿ, ಅಲ್ಲಿಂದ ಇಳಿಯತೊಡಗಿ, ಈಗ ಶೇ 1ಕ್ಕಿಂತ ಕೆಳಗಿದೆ. ಆಗ ಒಬ್ಬ ಮಹಿಳೆಗೆ ಸರಾಸರಿ ಐದು ಮಕ್ಕಳು, ಈಗ ಎರಡೂಕಾಲು. ಚೀನಾದ ಜನಸಂಖ್ಯೆ 2022ರಿಂದ ಕುಗ್ಗುತ್ತಿದೆ. ಜಗತ್ತಿನ ಜನಸಂಖ್ಯೆ 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ತಲುಪಿ, ಆಮೇಲೆ ಇಳಿಯುತ್ತದೆ ಎನ್ನುವುದು ವಿಶ್ವಸಂಸ್ಥೆಯ 2024ರ ಅಂದಾಜು. ಮಕ್ಕಳು ಕಡಿಮೆಯಾದ ಮೇಲೂ ಇಷ್ಟು ವರ್ಷ ಏರಿಕೆ ಏಕೆ? ನಿನ್ನೆಯ ದೊಡ್ಡ ಕುಟುಂಬಗಳಲ್ಲಿ ಹುಟ್ಟಿದವರೆಲ್ಲ ಇಂದು ತಂದೆತಾಯಿಯರಾಗುವ ವಯಸ್ಸಿಗೆ ಬಂದಿದ್ದಾರೆ. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ತೊಟ್ಟಿಲುಗಳ ಒಟ್ಟು ಸಂಖ್ಯೆ ದೊಡ್ಡದೇ.

ಅಂದರೆ ಇನ್ನೂ ಇನ್ನೂರು ಕೋಟಿ ಜನಕ್ಕೆ ಊಟ ಹೊಂದಿಸಬೇಕು. ಇಂಥ ಭಯ ಹಿಂದೆಯೂ ಹುಟ್ಟಿತ್ತು. 1898ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಗೋಧಿಗೆ ಹಾಕುವ ಸಾರಜನಕದ ಗೊಬ್ಬರ ಮುಗಿದುಹೋಗುತ್ತದೆ, ಗೋಧಿ ಉಣ್ಣುವ ದೇಶಗಳು ಹಸಿವಿಗೆ ಬೀಳುತ್ತವೆ ಎಂದು ತುಂಬಿದ ಸಭೆಯಲ್ಲಿ ಎಚ್ಚರಿಸಿದರು. ಆಗ ಆ ಗೊಬ್ಬರ ಬರುತ್ತಿದ್ದದ್ದು ಮುಖ್ಯವಾಗಿ ಚಿಲಿಯ ಮರುಭೂಮಿಯ ನೈಟ್ರೇಟ್ ನಿಕ್ಷೇಪಗಳಿಂದ. ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿಯುವ ಕೆಲಸ ರಸಾಯನ ವಿಜ್ಞಾನಿಗಳದು ಎಂದೂ ಅವರೇ ಹೇಳಿದರು. 1909ರಲ್ಲಿ ಫ್ರಿಟ್ಸ್ ಹೇಬರ್ ಅದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು; 1913ರಲ್ಲಿ ಕಾರ್ಲ್ ಬಾಶ್ ಅದಕ್ಕೆ ಜರ್ಮನಿಯಲ್ಲಿ ಕಾರ್ಖಾನೆ ಕಟ್ಟಿದರು. ಇವತ್ತು ಜಗತ್ತಿನ ಅರ್ಧದಷ್ಟು ಜನರ ಊಟ ಈ ಕೃತಕ ಗೊಬ್ಬರದ ಮೇಲೆ ನಿಂತಿದೆ. 

ಈ ಗೆಲುವು ನಮಗೆ ಒಂದು ಚಟವನ್ನೂ ಅಂಟಿಸಿತು. ಯಾವ ಕೊರತೆ ಬಂದರೂ ಯಾರಾದರೊಬ್ಬ ವಿಜ್ಞಾನಿ ಕೊನೇ ಗಳಿಗೆಯಲ್ಲಿ ಬಂದು ಕಾಪಾಡುತ್ತಾನೆ ಎಂದು ನಂಬಿ ಕೂರುವ ಚಟ. ನೀರಿನ ವಿಷಯದಲ್ಲಿ ಆ ನಂಬಿಕೆ ಬಲವಾದದ್ದಲ್ಲ. ಏಕೆಂದರೆ ತಕರಾರು ಇರುವುದು ಎಲೆಯೊಳಗೇ.

ಎಲೆಯ ಮೈಮೇಲೆ, ಹೆಚ್ಚಾಗಿ ಕೆಳಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕ ರಂಧ್ರಗಳಿವೆ. ಇವೇ ಪತ್ರರಂಧ್ರಗಳು. ಗಿಡ ಸಕ್ಕರೆ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು, ಅದು ಒಳಗೆ ಬರಲು ಈ ರಂಧ್ರ ತೆರೆಯಲೇಬೇಕು. ಗಾಳಿಯಲ್ಲಿ ಆ ಅನಿಲ ಇರುವುದು ಶೇ 0.04ರಷ್ಟು ಮಾತ್ರ. ಎಲೆಯ ಒಳಗಾದರೋ ತೇವ ತುಂಬಿ ತುಳುಕುತ್ತಿರುತ್ತದೆ. ಬಾಗಿಲು ತೆರೆದರೆ ಒಳಗೆ ಬರುವುದು ಅಷ್ಟಿಷ್ಟು, ಹೊರಗೆ ಓಡುವುದು ರಾಶಿ. ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಹಿಡಿಯಲು ಗಿಡ ನೂರಾರು ನೀರಿನ ಅಣುಗಳನ್ನು ಕಳೆದುಕೊಳ್ಳುತ್ತದೆ. ಬೇರು ಹೀರಿದ ನೀರಿನ ಬಹುಪಾಲು ಹೀಗೆ ಆವಿಯಾಗಿ ಹೋಗುತ್ತದೆ. ಗಿಡದ ಮೈಯಲ್ಲಿ ಉಳಿಯುವುದು ಶೇಕಡಾ ಒಂದೆರಡು. ಇದನ್ನು ಪೋಲು ಎನ್ನುವಂತಿಲ್ಲ. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಕಾಳು ಕಟ್ಟುವುದಿಲ್ಲ.

ಈ ಚೌಕಾಸಿಯಲ್ಲಿ ಕೆಲವು ಗಿಡಗಳು ಜಾಣ. ಮೆಕ್ಕೆಜೋಳ, ಜೋಳ, ಕಬ್ಬು ಇವುಗಳ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಒಟ್ಟುಮಾಡಿಕೊಡುವ ಇನ್ನೊಂದು ರಾಸಾಯನಿಕ ಹಂತವಿದೆ. ಹಾಗಾಗಿ ರಂಧ್ರವನ್ನು ಕಡಿಮೆ ತೆರೆದರೂ ಅವಕ್ಕೆ ಸಾಕಾಗುತ್ತದೆ. ಭತ್ತ, ಗೋಧಿಗಳಿಗೆ ಈ ಸೌಲಭ್ಯವಿಲ್ಲ. ಭತ್ತಕ್ಕೆ ಅದನ್ನು ಕೂಡಿಸಲು ವಿಜ್ಞಾನಿಗಳು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಹೆಣಗುತ್ತಿದ್ದಾರೆ. ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಮಾಡಿದ್ದು ಬೇರೆ ಉಪಾಯ. ನಾರ್ಮನ್ ಬೋರ್ಲಾಗ್ ರೂಪಿಸಿದ ಗೋಧಿ, ಹುಲ್ಲಿಗೆ ಹೋಗುತ್ತಿದ್ದ ಸತ್ವವನ್ನು ಕಾಳಿಗೆ ತಿರುಗಿಸಿತು. ಹೆಚ್ಚುಕಡಿಮೆ ಅಷ್ಟೇ ನೀರಿಗೆ ಹೆಚ್ಚು ಫಸಲು ಸಿಕ್ಕಿತು. ಈಗ ಗೋಧಿ ಗಿಡದ ತೂಕದಲ್ಲಿ ಅರ್ಧದಷ್ಟು ಕಾಳೇ. ಕಾಂಡವೂ ಎಲೆಯೂ ಇಲ್ಲದ ಗೋಧಿಯನ್ನು ಬೆಳೆಯಲಾಗದು, ಆದ್ದರಿಂದ ಈ ಉಪಾಯಕ್ಕೂ ಹೆಚ್ಚು ಜಾಗ ಉಳಿದಿಲ್ಲ.

ಹಾಗಾದರೆ ಭೂಮಿಯಲ್ಲಿ ನೀರು ಸಾಲದೇ? ಸರಾಸರಿ ತೆಗೆದರೆ ಧಾರಾಳವಾಗಿದೆ. ನೆಲದ ಮೇಲೆ ವರ್ಷಕ್ಕೆ ಬೀಳುವ ಮಳೆಯನ್ನು 800 ಕೋಟಿ ಜನರಿಗೆ ಹಂಚಿದರೆ ತಲೆಗೆ 13,000 ಘನ ಮೀಟರಿಗೂ ಹೆಚ್ಚು ಬರುತ್ತದೆ. ಆದರೆ ಸರಾಸರಿ ಮಳೆಯಲ್ಲಿ ಯಾವ ಗದ್ದೆಯೂ ನೆನೆಯುವುದಿಲ್ಲ. ಈಜಿಪ್ಟನ್ನು ನೋಡಿ. 1959ರಲ್ಲಿ ಸುಡಾನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಅದಕ್ಕೆ ನೈಲ್ ನದಿಯಿಂದ ವರ್ಷಕ್ಕೆ 5,550 ಕೋಟಿ ಘನ ಮೀಟರ್ ನೀರು ಎಂದಾಯಿತು. ಆಗ ಅಲ್ಲಿದ್ದವರು ಸುಮಾರು 2.6 ಕೋಟಿ ಜನ, ತಲೆಗೆ 2,100 ಘನ ಮೀಟರ್. ಈಗ ಜನ ಸುಮಾರು 11 ಕೋಟಿ. ಅದೇ ನೀರನ್ನು ಹಂಚಿದರೆ ತಲೆಗೆ 500. ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್ ಹಾಕಿಕೊಟ್ಟ ಅಳತೆಗೋಲಿನಲ್ಲಿ 1,700ಕ್ಕಿಂತ ಕಡಿಮೆಯಾದರೆ ಒತ್ತಡ, 1,000ಕ್ಕಿಂತ ಕಡಿಮೆಯಾದರೆ ಕೊರತೆ, 500 ಎಂದರೆ ತೀವ್ರ ಅಭಾವದ ಹೊಸ್ತಿಲು. ನದಿಯೇನೂ ಬತ್ತಲಿಲ್ಲ, ಪಾಲುದಾರರು ನಾಲ್ಕು ಪಟ್ಟಾದರು. ಈ ನದಿಗೆ ಬಹುಪಾಲು ನೀರು ಕೊಡುವ ಇಥಿಯೋಪಿಯಾದಲ್ಲಿ ಈಗ 13 ಕೋಟಿ ಜನ, ಆ ಒಪ್ಪಂದದಲ್ಲಿ ಅದಕ್ಕೆ ಹನಿಯೂ ಇರಲಿಲ್ಲ. ಜನಸಂಖ್ಯೆಯ ಒತ್ತಡ ಎಂದರೆ ಏನೆಂದು ತಿಳಿಯಲು ನನಗಂತೂ ಇದಕ್ಕಿಂತ ಸ್ಪಷ್ಟವಾದ ಭಾಗಾಕಾರ ಸಿಕ್ಕಿಲ್ಲ. ಅಂದಹಾಗೆ, 2050ರವರೆಗಿನ ಏರಿಕೆಯಲ್ಲಿ ಅರ್ಧಕ್ಕೂ ಹೆಚ್ಚು ನಡೆಯುವುದು ಎಂಟು ದೇಶಗಳಲ್ಲಿ ಎಂದು ವಿಶ್ವಸಂಸ್ಥೆ 2022ರಲ್ಲಿ ಪಟ್ಟಿಮಾಡಿತ್ತು. ಈಜಿಪ್ಟ್, ಇಥಿಯೋಪಿಯಾ ಎರಡೂ ಅದರಲ್ಲಿವೆ.

ಮೇಲಿನ ನೀರು ಸಾಲದಾದಾಗ ಕೈ ಹೋಗುವುದು ನೆಲದಡಿಗೆ. ಅಂತರ್ಜಲ ಒಂದು ಇಡುಗಂಟು. ಬಡ್ಡಿಯಷ್ಟೇ ತೆಗೆದರೆ ಎಂದಿಗೂ ಮುಗಿಯದು. ನಾವು ಅಸಲಿಗೇ ಕೈಹಾಕಿದ್ದೇವೆ. ಎಷ್ಟು ಹಾಕಿದ್ದೇವೆ ಎಂಬುದು ಬಾಹ್ಯಾಕಾಶದಿಂದಲೂ ಗೊತ್ತಾಗುತ್ತದೆ. 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. ಕೆಳಗೆ ನೀರು ಕಡಿಮೆಯಾದರೆ ಆ ಜಾಗದ ಗುರುತ್ವ ಕೂದಲೆಳೆಯಷ್ಟು ಇಳಿಯುತ್ತದೆ, ಉಪಗ್ರಹಗಳ ನಡುವಿನ ಅಂತರವೂ ಅಷ್ಟೇ ಸೂಕ್ಷ್ಮವಾಗಿ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದಾಗ, 2002ರಿಂದ 2008ರೊಳಗೆ ಭಾರತದ ವಾಯವ್ಯ ಭಾಗದಲ್ಲಿ, ಅಂದರೆ ಪಂಜಾಬ್, ಹರಿಯಾಣ, ರಾಜಸ್ಥಾನಗಳಲ್ಲಿ, 109 ಘನ ಕಿಲೋಮೀಟರ್ ಅಂತರ್ಜಲ ಖರ್ಚಾಗಿತ್ತು.

ಇಡುಗಂಟನ್ನು ಕರಗಿಸಿ ಪಾಠ ಕಲಿತ ದೇಶವೂ ಇದೆ. ಸೌದಿ ಅರೇಬಿಯಾ 1980ರ ದಶಕದಲ್ಲಿ ಮರುಭೂಮಿಯಡಿಯ ಸಾವಿರಾರು ವರ್ಷ ಹಳೆಯ ನೀರನ್ನೆತ್ತಿ ಗೋಧಿ ಬೆಳೆಯಿತು, ಬೆಳೆದದ್ದನ್ನು ರಫ್ತೂ ಮಾಡಿತು. ಆ ನೀರಿಗೆ ಮರುಪೂರಣವೇ ಇಲ್ಲ. 2008ರಲ್ಲಿ ಸರ್ಕಾರ ತನ್ನ ರೈತರಿಂದ ಗೋಧಿ ಖರೀದಿಸುವುದನ್ನು ಕೈಬಿಡುವ ತೀರ್ಮಾನವಾಯಿತು, 2016ರಲ್ಲಿ ಆ ಖರೀದಿ ಕೊನೆಗೊಂಡಿತು. ಸಮುದ್ರದ ನೀರನ್ನು ಸಿಹಿ ಮಾಡಿ ಗೋಧಿ ಬೆಳೆಯಬಹುದಿತ್ತಲ್ಲ ಎಂದರೆ, ಲೆಕ್ಕ ಹೀಗಿದೆ. ಒಂದು ಕಿಲೋ ಗೋಧಿಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 1,800 ಲೀಟರ್ ನೀರು. ಸಾವಿರ ಲೀಟರ್ ಉಪ್ಪುನೀರನ್ನು ಸಿಹಿ ಮಾಡಲು ಒಳ್ಳೆಯ ಘಟಕದಲ್ಲೂ ಮೂರು ಯೂನಿಟ್ ವಿದ್ಯುತ್ ಬೇಕು. ಕಿಲೋ ಗೋಧಿಗೆ ಐದೂವರೆ ಯೂನಿಟ್ ಆಯಿತು. ಆ ಗೋಧಿಯನ್ನು ತಿಂದರೆ ಸಿಗುವ ಶಕ್ತಿ ನಾಲ್ಕು ಯೂನಿಟ್ಟಿಗೆ ಸಮ! ತರಕಾರಿಗೆ, ಕುಡಿಯುವುದಕ್ಕೆ ಈ ದಾರಿ ಸರಿ. ಅನ್ನಕ್ಕೆ ಆಗದು.

ಆಗ ಉಳಿಯುವುದು ಕಾಳನ್ನೇ ತರಿಸುವ ದಾರಿ. ಬ್ರಿಟನ್ನಿನ ಭೂಗೋಳ ವಿಜ್ಞಾನಿ ಟೋನಿ ಆಲನ್ ಇದನ್ನು ಕಂಡು, ಧಾನ್ಯದ ಹಡಗಿನಲ್ಲಿ ಬರುವುದು ಕಣ್ಣಿಗೆ ಕಾಣದ ನೀರು ಎಂದರು. ಒಂದು ಟನ್ ಗೋಧಿ ತರಿಸಿದ ದೇಶ ಅಷ್ಟು ಬೆಳೆಯುವ ನೀರನ್ನು ಉಳಿಸಿಕೊಂಡ ಹಾಗೆ. ವ್ಯವಸ್ಥೆ ಚೆನ್ನಾಗಿದೆ, ಮಾರುವವರು ಮಾರುತ್ತಿರುವವರೆಗೆ. 2010ರಲ್ಲಿ ಬರ ಬಿದ್ದು ರಷ್ಯಾ ಧಾನ್ಯದ ರಫ್ತು ನಿಲ್ಲಿಸಿದಾಗ, 2022ರಲ್ಲಿ ಯುಕ್ರೇನಿನ ಬಂದರುಗಳು ಯುದ್ಧದಿಂದ ಮುಚ್ಚಿದಾಗ ಕೊಳ್ಳುವ ದೇಶಗಳ ಎದೆಬಡಿತ ಏರಿತು.

ತಲೆ ಎಣಿಸುತ್ತ ಕೂತರೆ ತಪ್ಪಿಹೋಗುವ ಇನ್ನೊಂದು ಲೆಕ್ಕವಿದೆ. ಜಗತ್ತು ವರ್ಷಕ್ಕೆ ಬೆಳೆಯುವ ಏಕದಳ ಧಾನ್ಯ ಸುಮಾರು 280 ಕೋಟಿ ಟನ್. ಎಲ್ಲರಿಗೂ ಸಮವಾಗಿ ಹಂಚಿದರೆ ದಿನಕ್ಕೆ ತಲೆಗೆ ಹತ್ತಿರ ಹತ್ತಿರ ಒಂದು ಕಿಲೋ. ಒಬ್ಬರ ಹೊಟ್ಟೆ ತುಂಬಿ ಮಿಗುತ್ತದೆ. ಹೀಗಿದ್ದೂ ಎಪ್ಪತ್ತು ಕೋಟಿಯ ಆಸುಪಾಸು ಜನ ಹಸಿದಿದ್ದಾರೆ. ಧಾನ್ಯದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೋಳಿ, ಹಂದಿ, ದನಗಳ ಮೇವಿಗೆ ಹೋಗುತ್ತದೆ. ಒಂದು ಕಿಲೋ ದನದ ಮಾಂಸಕ್ಕೆ ಸರಾಸರಿ 15,000 ಲೀಟರಿಗೂ ಹೆಚ್ಚು ನೀರು ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ. ಅದು ಸರಿಯೇ, ಆದರೆ ಅದರಲ್ಲಿ ಬಹುಪಾಲು ಹುಲ್ಲುಗಾವಲು ಮತ್ತು ಮೇವಿನ ಬೆಳೆಯ ಮೇಲೆ ಬಿದ್ದ ಮಳೆ. ನೀರಾವರಿ ಜೋಳ ತಿಂದು ಬೆಳೆದ ದನದ ಲೆಕ್ಕವೇ ಬೇರೆ. ಇನ್ನು ಎಸೆಯುವ ಮಾತು: 2022ರಲ್ಲಿ ಅಂಗಡಿ, ಹೋಟೆಲು, ಮನೆಗಳಲ್ಲಿ ಕಸಕ್ಕೆ ಹೋದ ಆಹಾರ 105 ಕೋಟಿ ಟನ್. ಅದರೊಳಗೆ ಸಿಪ್ಪೆ, ಮೂಳೆಯೂ ಸೇರಿವೆ ಎಂದುಕೊಂಡರೂ ಸಣ್ಣ ಮೊತ್ತವಲ್ಲ.

ಹನಿ ನೀರಾವರಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹನಿ ನೀರಾವರಿಯಿಂದ ಬೆಳೆಗೆ ಲಾಭ ಖಂಡಿತ. ನದಿಗೆ, ಅಂತರ್ಜಲಕ್ಕೆ ಲಾಭವಾಗುವುದು ಖಾತ್ರಿಯಿಲ್ಲ. ಉಳಿದ ನೀರಿನಲ್ಲಿ ರೈತ ಇನ್ನೊಂದಷ್ಟು ಜಾಗ ಬಿತ್ತುತ್ತಾನೆ, ಇಲ್ಲವೇ ಹೆಚ್ಚು ನೀರು ಕುಡಿಯುವ ಬೆಳೆಗೆ ಹೊರಳುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ಮೊದಲು ಗದ್ದೆಯಿಂದ ಇಂಗಿ ಪಕ್ಕದ ಬಾವಿಗೆ ಸೇರುತ್ತಿದ್ದ ನೀರೂ ಈಗ ಎಲೆಗಳಿಂದ ಆವಿಯಾಗುತ್ತದೆ. ಉಪಕರಣದ ಜೊತೆ ಮಿತಿಯೂ ಇದ್ದಲ್ಲಿ ಮಾತ್ರ ಫಲಿತಾಂಶ ಬೇರೆ ಬಂದಿದೆ. ಅಮೆರಿಕದ ಕಾನ್ಸಸ್ ರಾಜ್ಯದ ಶೆರಿಡನ್ ಕೌಂಟಿಯ ಒಂದು ಭಾಗದಲ್ಲಿ, ಓಗಲಾಲ ಜಲಸ್ತರ ತಳಕ್ಕಿಳಿಯುವುದನ್ನು ಕಂಡ ರೈತರು ತಾವೇ ಮುಂದೆ ಬಂದು, ಪಂಪಿನ ನೀರನ್ನು ಶೇ 20ರಷ್ಟು ಕಡಿತಗೊಳಿಸುವ ನಿಯಮವನ್ನು 2013ರಿಂದ ಜಾರಿಗೆ ತರಿಸಿಕೊಂಡರು. ಫಸಲು ಸ್ವಲ್ಪ ಇಳಿಯಿತು. ಪಂಪಿನ ಖರ್ಚು, ಗೊಬ್ಬರದ ಖರ್ಚೂ ಇಳಿದದ್ದರಿಂದ ಆದಾಯಕ್ಕೆ ಪೆಟ್ಟು ಬೀಳಲಿಲ್ಲ. ಅಲ್ಲಿ ನೀರಿನ ಮಟ್ಟ ಈಗಲೂ ಇಳಿಯುತ್ತಿದೆ, ಮೊದಲಿಗಿಂತ ನಿಧಾನವಾಗಿ.