ಎಲ್ಲಕ್ಕೂ ಕಾಯಿದೆ ಇರುವಾಗ ಕಾಮನ್ ಲಾಗೆ ಏನು ಕೆಲಸ?

ಪ್ರಶ್ನೆ: ಸಂಸತ್ತುಗಳು ಇಷ್ಟೊಂದು ಕಾಯಿದೆಗಳನ್ನು ಮಾಡಿರುವಾಗ, ನ್ಯಾಯಾಧೀಶರ ತೀರ್ಪುಗಳಿಂದ ಬೆಳೆದ ಕಾಮನ್ ಲಾಗೆ ಇಂದು ನಿಜಕ್ಕೂ ಸ್ಥಾನವಿದೆಯೇ?

ಉತ್ತರ: ಇದೆ, ಆದರೆ ಅದು ಕಾಯಿದೆಗೆ ಅಧೀನವಾದ ಸ್ಥಾನ. ಶಾಸಕಾಂಗ ಸ್ಪಷ್ಟ ನಿಯಮ ಮಾಡಿದ ಮೇಲೆ ಅದಕ್ಕೆ ವಿರುದ್ಧವಾದ ಹಳೆಯ ತೀರ್ಪು ಎಷ್ಟೇ ಪ್ರಸಿದ್ಧವಾಗಿದ್ದರೂ ನಿಲ್ಲುವುದಿಲ್ಲ. ಆದರೆ ಕಾಯಿದೆ ಎಲ್ಲವನ್ನೂ ಹೇಳಿರುತ್ತದೆ ಎಂದುಕೊಳ್ಳುವುದು ತಪ್ಪು. ಇಂಗ್ಲೆಂಡಿನಲ್ಲಿ ಕೊಲೆಯಂಥ ಘೋರ ಅಪರಾಧದ ವ್ಯಾಖ್ಯೆ ಇಂದಿಗೂ ಯಾವ ಕಾಯಿದೆಯಲ್ಲೂ ಇಲ್ಲ. ಅದಕ್ಕೆ ವಿಧಿಸುವ ಶಿಕ್ಷೆಯನ್ನು ಮಾತ್ರ ಕಾಯಿದೆ ಹೇಳುತ್ತದೆ.

ನಷ್ಟ ಪರಿಹಾರದ ಕ್ಷೇತ್ರದಲ್ಲಿ ಕಾಮನ್ ಲಾ ಇನ್ನೂ ಗಟ್ಟಿಯಾಗಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಕೆಫೆಯೊಂದರಲ್ಲಿ ಶ್ರೀಮತಿ ಡಾನಹ್ಯೂ ಕುಡಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಅವರ ದೂರು. ಬಾಟಲಿಯ ಹಣ ಕೊಟ್ಟವರು ಅವರ ಸ್ನೇಹಿತೆಯಾದ್ದರಿಂದ ಅವರಿಗೆ ಅಂಗಡಿಯವನೊಡನೆ ಕರಾರಿರಲಿಲ್ಲ. ತಯಾರಕ ಸ್ಟೀವನ್ಸನ್‌ನೊಡನೆಯಂತೂ ಇರಲೇ ಇಲ್ಲ. ಹಾಗಿದ್ದರೂ, ತನ್ನ ನಿರ್ಲಕ್ಷ್ಯದಿಂದ ಹಾನಿಯಾಗಬಹುದೆಂದು ಮೊದಲೇ ಊಹಿಸಬಹುದಾದವರ ಬಗ್ಗೆ ಪ್ರತಿಯೊಬ್ಬನೂ ಎಚ್ಚರ ವಹಿಸಬೇಕು ಎಂಬ ತತ್ತ್ವವನ್ನು ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಮುಂದಿಟ್ಟರು; ಆಗ ಇಂಥ ಪ್ರಕರಣಗಳಿಗೆ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1932ರಲ್ಲಿ ಐವರಲ್ಲಿ ಮೂವರ ಬಹುಮತದಿಂದ ಆಕೆಯ ಪರ ನಿಂತಿತು. (ಬಾಟಲಿಯಲ್ಲಿ ಹುಳು ನಿಜವಾಗಿ ಇತ್ತೇ ಎಂಬುದು ನ್ಯಾಯಾಲಯದಲ್ಲಿ ಕೊನೆಗೂ ಸಾಬೀತಾಗಲಿಲ್ಲ, ತೀರ್ಮಾನವಾದದ್ದು ಕಾನೂನಿನ ಪ್ರಶ್ನೆ ಮಾತ್ರ.) ದೋಷಯುಕ್ತ ಸರಕುಗಳಿಗೆ ತಯಾರಕರನ್ನು ಹೊಣೆಯಾಗಿಸುವ ಬ್ರಿಟಿಷ್ ಕಾಯಿದೆ ಬಂದದ್ದು 1987ರಲ್ಲಿ. ಅದು ಕೂಡ ಹಳೆಯ ಹೊಣೆಯನ್ನು ಅಳಿಸದೆ, ಅದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿತು.

ಇದರರ್ಥ ನ್ಯಾಯಾಧೀಶರು ಏನು ಬೇಕಾದರೂ ಮಾಡಬಹುದೆಂದಲ್ಲ. ಹೊಸ ಅಪರಾಧಗಳನ್ನು ಸೃಷ್ಟಿಸುವ ಅಧಿಕಾರ ನ್ಯಾಯಾಲಯಗಳಿಗಿಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1972ರಲ್ಲಿ ಹೇಳಿತು. ಜನರನ್ನು ಸೆರೆಮನೆಗೆ ಕಳುಹಿಸುವ ನಿಯಮವನ್ನು ಚುನಾಯಿತ ಸಭೆಯೇ ಮುಂಚಿತವಾಗಿ ಮಾಡಬೇಕಾದ್ದರಿಂದ ಈ ಮಿತಿ ಸರಿಯೆಂದೇ ನನ್ನ ಅಭಿಪ್ರಾಯ. ಪೂರ್ವನಿರ್ಣಯವೂ, ಅಂದರೆ ಮುಂದಿನ ಪ್ರಕರಣಗಳಲ್ಲಿ ಪಾಲಿಸಬೇಕಾದ ಹಳೆಯ ತೀರ್ಪೂ, ಕದಲದ ಬಂಡೆಯಲ್ಲ: ಅಗತ್ಯವೆನಿಸಿದಾಗ ತನ್ನದೇ ಹಳೆಯ ತೀರ್ಪಿನಿಂದ ದೂರ ಸರಿಯಬಹುದೆಂದು ಹೌಸ್ ಆಫ್ ಲಾರ್ಡ್ಸ್ 1966ರಲ್ಲಿ ಘೋಷಿಸಿತ್ತು.

ಸಂಹಿತೆಗಳನ್ನು, ಅಂದರೆ ಒಂದೆಡೆ ಕ್ರಮವಾಗಿ ಬರೆದಿಟ್ಟ ಕಾನೂನನ್ನು, ನೆಚ್ಚಿದ ದೇಶಗಳಲ್ಲಿ ತೀರ್ಪುಗಳಿಗೆ ಬೆಲೆಯಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ನ್ಯಾಯಾಧೀಶರು ತೀರ್ಪಿನ ಮೂಲಕ ಸಾಮಾನ್ಯ ನಿಯಮ ರೂಪಿಸುವುದನ್ನು 1804ರ ಫ್ರೆಂಚ್ ಸಿವಿಲ್ ಸಂಹಿತೆಯ 5ನೇ ವಿಧಿ ನಿಷೇಧಿಸುತ್ತದೆ. ಆದರೂ ತಪ್ಪಿನಿಂದಾದ ಹಾನಿಯ ಬಗ್ಗೆ ಅದೇ ಸಂಹಿತೆಯಲ್ಲಿದ್ದ ಕೆಲವೇ ಚಿಕ್ಕ ವಿಧಿಗಳ ಮೇಲೆ ಇಡೀ ಪರಿಹಾರ ಕಾನೂನನ್ನು ಕಟ್ಟಿದವರು ಅಲ್ಲಿನ ನ್ಯಾಯಾಧೀಶರೇ.